ಓಟದ ಗುರು ಬಡ್ ವಿಂಟರ್

ನಡೆಯಲು ಕಲಿತ ಮಗು ಯಾರೂ ಹೇಳಿಕೊಡದೆಯೇ ಓಡಲು ತೊಡಗುತ್ತದೆ. ಆದ್ದರಿಂದ ಓಟವು ಹುಟ್ಟಿನೊಡನೆ ಬರುವ ಶಕ್ತಿ, ಅದನ್ನು ಕಲಿಸಲು ಗುರುವಿನ ಅಗತ್ಯವಿಲ್ಲ ಎಂದು ತೋರುವುದು ಸಹಜ. ವೇಗದ ಓಟಗಾರರು ಹುಟ್ಟಿ ಬರುತ್ತಾರೆಯೇ ಹೊರತು ತರಬೇತಿಯಿಂದ ರೂಪುಗೊಳ್ಳುವುದಿಲ್ಲವೆಂಬ ನಂಬಿಕೆ ಕ್ರೀಡಾಲೋಕದಲ್ಲಿಯೂ ಬಹುಕಾಲ ಬೇರೂರಿತ್ತು. ಈ ನಂಬಿಕೆಯನ್ನು ತಮ್ಮ ಜೀವಮಾನದ ದುಡಿಮೆಯಿಂದ ಸುಳ್ಳುಮಾಡಿದವರಲ್ಲಿ ಅಮೆರಿಕದ ಬಡ್ ವಿಂಟರ್ ಅವರು ಪ್ರಮುಖರು. ಅವರು ಕಂಡುಕೊಂಡ ತತ್ತ್ವ ಕೇಳುವುದಕ್ಕೆ ವಿಚಿತ್ರವಾದುದು. ಹೆಚ್ಚು ವೇಗವಾಗಿ ಓಡಬೇಕಾದರೆ ಮೈಯನ್ನು ಬಿಗಿಹಿಡಿಯುವುದನ್ನು ಬಿಡಬೇಕು ಎಂಬುದೇ ಆ ತತ್ತ್ವ.

ಲಾಯ್ಡ್ ವಿಂಟರ್ ಜನಿಸಿದುದು 1909ರಲ್ಲಿ. ಬಡ್ ಎಂಬುದು ಬಳಕೆಯ ಹೆಸರು. ಲೋಕಕ್ಕೆ ಪರಿಚಿತವಾದುದು ಅದೇ. 1941ರಲ್ಲಿ ಅವರು ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಹೋಸೆ ಸ್ಟೇಟ್ ಕಾಲೇಜಿನಲ್ಲಿ ಓಟದ ತರಬೇತುದಾರರಾದರು. ಸ್ಯಾನ್ ಫ್ರಾನ್ಸಿಸ್ಕೊ ನಗರದ ದಕ್ಷಿಣಕ್ಕಿರುವ ಈ ಪ್ರದೇಶ ಇಂದು ಗಣಕಯಂತ್ರಗಳ ಉದ್ಯಮದಿಂದ ಹೆಸರಾಗಿದೆ. ಅಂದು ಅದು ಹಣ್ಣಿನ ತೋಟಗಳ ನಾಡು. ನೆರೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯಕ್ಕಿದ್ದ ಸಂಪತ್ತಾಗಲಿ ಪ್ರತಿಷ್ಠೆಯಾಗಲಿ ಈ ಕಾಲೇಜಿಗಿರಲಿಲ್ಲ. ಹೆಸರಾಂತ ಓಟಗಾರರನ್ನು ದೊಡ್ಡ ವಿದ್ಯಾರ್ಥಿವೇತನ ಕೊಟ್ಟು ಕರೆತರುವ ಅನುಕೂಲ ವಿಂಟರ್ ಅವರಿಗಿರಲಿಲ್ಲ. ಬಂದ ಹುಡುಗರನ್ನೇ ತಿದ್ದಿ ಬೆಳೆಸಬೇಕಾಗಿತ್ತು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧದ ಬಿಸಿ ಅಮೆರಿಕವನ್ನೂ ಮುಟ್ಟಿತು. ವಿಂಟರ್ ನೌಕಾಪಡೆಗೆ ಸೇರಿದರು. ಕ್ಯಾಲಿಫೋರ್ನಿಯಾದ ಡೆಲ್ ಮಾಂಟಿ ಎಂಬಲ್ಲಿ ಯುದ್ಧವಿಮಾನ ನಡೆಸಲಿದ್ದ ತರುಣರಿಗೆ ಆರಂಭದ ಶಿಕ್ಷಣ ನೀಡಲಾಗುತ್ತಿತ್ತು. ಆ ತರುಣರನ್ನು ಶತ್ರುವಿಗಿಂತ ಮೊದಲು ಕಾಡುತ್ತಿದ್ದುದು ಅವರದೇ ಆತಂಕ. ನಿದ್ದೆ ಬಾರದು, ಮೈ ಬಿಗಿಯುವುದು, ಕೈ ತಪ್ಪುವುದು. ಅವರಿಗೆ ಮೈಮನಗಳನ್ನು ಸಡಿಲಿಸುವ ಕ್ರಮವನ್ನು ಕಲಿಸುವ ಹೊಣೆ ವಿಂಟರ್ ಅವರ ಪಾಲಿಗೆ ಬಂದಿತು. ಹಣೆ, ದವಡೆ, ಹೆಗಲು, ಕೈ, ಕಾಲು ಎಂದು ಒಂದೊಂದೇ ಅಂಗದ ಬಿಗಿತವನ್ನು ಅರಿತು ಕಳಚುವ ಅಭ್ಯಾಸವದು. ಆರು ವಾರಗಳ ಅಭ್ಯಾಸದ ಅನಂತರ ಬಹುಪಾಲು ತರುಣರು ಎರಡು ನಿಮಿಷಗಳೊಳಗೆ ನಿದ್ದೆಹೋಗಬಲ್ಲವರಾದರೆಂದು ವಿಂಟರ್ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಯುದ್ಧ ಮುಗಿದ ಮೇಲೆ ಈ ಅನುಭವವನ್ನು ಅವರು ಓಟದ ಮೈದಾನಕ್ಕೆ ತಂದರು.

ಬಿಗಿತಕ್ಕೂ ವೇಗಕ್ಕೂ ಏನು ಸಂಬಂಧ? ಓಡುವವನ ತೊಡೆಯ ಮುಂಭಾಗದ ಸ್ನಾಯು ಸಂಕುಚಿಸಿ ಕಾಲನ್ನು ಚಾಚುವಾಗ ಹಿಂಭಾಗದ ಸ್ನಾಯು ಸಡಿಲಗೊಂಡು ಅದಕ್ಕೆ ಎಡೆಮಾಡಿಕೊಡಬೇಕು. ಮರುಕ್ಷಣದಲ್ಲಿ ಈ ಕೆಲಸ ಅದಲುಬದಲಾಗಬೇಕು. ಎರಡೂ ಏಕಕಾಲದಲ್ಲಿ ಬಿಗಿದುಕೊಂಡರೆ, ಒಂದೇ ಗಾಡಿಗೆ ಹೂಡಿದ ಎರಡು ಎತ್ತುಗಳು ಎದುರುಬದುರಾಗಿ ಎಳೆದಂತಾಗುತ್ತದೆ. ಶಕ್ತಿ ವ್ಯಯವಾಗುತ್ತದೆ, ಗಾಡಿ ಮುಂದೆ ಸಾಗುವುದಿಲ್ಲ. ಹಲ್ಲು ಕಚ್ಚಿ, ಮುಷ್ಟಿ ಬಿಗಿದು ಓಡುವವನಿಗೆ ಆಗುವುದು ಇದೇ. ಆದ್ದರಿಂದ ದವಡೆಯನ್ನೂ ಕೈಗಳನ್ನೂ ಸಡಿಲವಾಗಿ ಬಿಡಬೇಕೆಂಬುದು ವಿಂಟರ್ ಅವರ ಮೊದಲ ಪಾಠವಾಗಿತ್ತು. ಮುಖ ಮತ್ತು ಕೈಗಳು ಸಡಿಲವಾದರೆ ಕುತ್ತಿಗೆ ಹೆಗಲುಗಳೂ ಸಡಿಲವಾಗುವುವು. ತಮ್ಮ ಶಿಷ್ಯರಿಗೆ ಪೂರ್ಣಬಲದಿಂದ ಓಡುವ ಬದಲು ಹತ್ತರಲ್ಲಿ ಒಂಬತ್ತು ಪಾಲು ಬಲವನ್ನಷ್ಟೇ ಹಾಕಿ ಓಡಲು ಹೇಳಿ, ಕಾಲಮಾಪಕದಿಂದ ಅವರು ಎರಡು ಓಟಗಳನ್ನೂ ಅಳೆಯುತ್ತಿದ್ದರು. ಒಂಬತ್ತು ಪಾಲಿನ ಓಟವೇ ಹೆಚ್ಚು ವೇಗವಾಗಿರುವುದನ್ನು ಕಂಡು ಶಿಷ್ಯರು ಬೆರಗಾಗುತ್ತಿದ್ದರು. ಇದರರ್ಥ ಸೋಮಾರಿತನವಲ್ಲ. ಮೊಣಕಾಲನ್ನು ಎತ್ತರಕ್ಕೆ ತರುವ, ಮುಂಗಾಲಿನ ಮೇಲೆ ಓಡುವ, ದೇಹವನ್ನು ನೀಳವಾಗಿ ನಿಲ್ಲಿಸುವ ಅಭ್ಯಾಸಗಳನ್ನು ಅವರು ದಿನವೂ ಮಾಡಿಸುತ್ತಿದ್ದರು. ಸಡಿಲತೆಯೂ ಶ್ರಮದಿಂದಲೇ ಸಿದ್ಧಿಸಬೇಕಾದ ಗುಣವೆಂಬುದನ್ನು ಅವರು ಬಲ್ಲವರಾಗಿದ್ದರು.

ಈ ಶಿಕ್ಷಣದಲ್ಲಿ ಬೆಳೆದ ರೇ ನಾರ್ಟನ್ 1959ರಲ್ಲಿ 100 ಮೀಟರ್ ಓಟವನ್ನು 10.1 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದನು. ಅದೇ ವರ್ಷ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ ಮೂರು ಚಿನ್ನದ ಪದಕಗಳನ್ನು ಗೆದ್ದನು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿಯೂ ಅವನು ಮೂರು ಚಿನ್ನ ಗಳಿಸುವನೆಂದು ಎಲ್ಲರೂ ನಿರೀಕ್ಷಿಸಿದ್ದರು. ನಮ್ಮ ಮಿಲ್ಖಾ ಸಿಂಗ್ ಅವರಿಗೆ ಸ್ವಲ್ಪದರಲ್ಲಿ ಪದಕ ತಪ್ಪಿದುದು ಇದೇ ಕ್ರೀಡಾಕೂಟದಲ್ಲಿ. ನಾರ್ಟನ್‌ನ ಪಾಲಿಗೂ ರೋಮ್ ನಿರಾಶೆಯ ಊರಾಯಿತು. 100 ಮೀಟರ್ ಓಟದಲ್ಲಿ ಅವನು ಆರನೆಯವನಾದನು; 200 ಮೀಟರ್ ಓಟದಲ್ಲಿಯೂ ಆರನೆಯವನಾದನು. ಉಳಿದುದು ನಾಲ್ವರು ತಲಾ 100 ಮೀಟರ್ ಓಡುವ ರಿಲೇ ಮಾತ್ರ.

ರಿಲೇ ಓಟದಲ್ಲಿ ಕಾಲಿನ ವೇಗದಷ್ಟೇ ಮುಖ್ಯವಾದುದು ದಂಡವನ್ನು ಕೈಯಿಂದ ಕೈಗೆ ದಾಟಿಸುವ ಕೌಶಲ. ಆಗಿನ ನಿಯಮದಂತೆ 20 ಮೀಟರ್ ಉದ್ದದ ಗುರುತಿನೊಳಗೆ ಈ ಕೆಲಸ ಮುಗಿಯಬೇಕಾಗಿತ್ತು. ದಂಡವನ್ನು ಪಡೆಯುವವನು ಹಿಂದಿರುಗಿ ನೋಡದೆ, ಗೆಳೆಯ ಬಂದೇ ಬರುವನೆಂಬ ವಿಶ್ವಾಸದಿಂದ ಓಟ ಹೂಡಿ, ಕೈಯನ್ನು ಹಿಂದಕ್ಕೆ ಚಾಚಬೇಕು. ಎರಡನೆಯ ಸರದಿಯ ನಾರ್ಟನ್ ಕಳೆದುಕೊಂಡುದೆಲ್ಲವನ್ನೂ ಮರಳಿ ಪಡೆಯುವ ಆತುರದಲ್ಲಿದ್ದನು. ಅವನು ಕ್ಷಣಕಾಲ ಮೊದಲೇ ಹೊರಟುಬಿಟ್ಟನು. ದಂಡ ಅವನ ಕೈಸೇರಿದಾಗ ಗುರುತಿನ ಗಡಿ ದಾಟಿಹೋಗಿತ್ತು. ಅಮೆರಿಕದ ತಂಡ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದರೂ ಅನರ್ಹವಾಯಿತು. ಚಿನ್ನ ಜರ್ಮನಿಯ ಪಾಲಾಯಿತು. ಬಿಗಿತವು ವೇಗದ ಶತ್ರುವೆಂದು ಕಲಿಸಿದ ಗುರುವಿನ ಶ್ರೇಷ್ಠ ಶಿಷ್ಯನೇ ನಿರ್ಣಾಯಕ ಗಳಿಗೆಯಲ್ಲಿ ಆತುರಕ್ಕೆ ವಶನಾದನು. ಪಾಠ ಸುಳ್ಳಾಯಿತೆಂದು ಇದರಿಂದ ಹೇಳಲಾಗದು. ಅಭ್ಯಾಸದ ಮೈದಾನದಲ್ಲಿ ಕಲಿತದ್ದನ್ನು ಲೋಕದ ಕಣ್ಣೆದುರಿನಲ್ಲಿ ಉಳಿಸಿಕೊಳ್ಳುವುದು ಎಷ್ಟು ಕಠಿನವೆಂಬುದನ್ನು ರೋಮ್ ತೋರಿಸಿಕೊಟ್ಟಿತು.

ವಿಂಟರ್ ತಮ್ಮ ದಾರಿಯನ್ನು ಬಿಡಲಿಲ್ಲ. ಮುಂದಿನ ವರ್ಷಗಳಲ್ಲಿ ಅವರ ಬಳಿಗೆ ಟಾಮಿ ಸ್ಮಿತ್, ಲೀ ಇವಾನ್ಸ್, ಜಾನ್ ಕಾರ್ಲೋಸ್ ಎಂಬ ತರುಣರು ಬಂದರು. ಸ್ಮಿತ್ ಮತ್ತು ಇವಾನ್ಸ್ ಬಾಲ್ಯದಲ್ಲಿ ಹೊಲಗಳಲ್ಲಿ ದುಡಿದ ಬಡಕುಟುಂಬಗಳವರು. ಕಾರ್ಲೋಸ್ ನ್ಯೂಯಾರ್ಕಿನ ಹಾರ್ಲೆಮ್‌ನವನು. ಸ್ಮಿತ್ 1966ರಲ್ಲಿ 220 ಗಜಗಳ ನೇರ ಓಟವನ್ನು 19.5 ಸೆಕೆಂಡುಗಳಲ್ಲಿ ಓಡಿದನು. 1967ರಲ್ಲಿ ಸ್ಮಿತ್ ಮತ್ತು ಇವಾನ್ಸ್ ಇದ್ದ ಕಾಲೇಜಿನ ತಂಡ ನಾಲ್ವರು ತಲಾ 220 ಗಜ ಓಡುವ ರಿಲೇಯನ್ನು 1 ನಿಮಿಷ 22.1 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆ ಸ್ಥಾಪಿಸಿತು. ಸ್ಯಾನ್ ಹೋಸೆಗೆ ವೇಗದ ನಗರವೆಂಬ ಹೆಸರೇ ಬಂದಿತು. ಆದರೆ ದಾಖಲೆ ಮುರಿದ ಆ ಕಪ್ಪು ಜನಾಂಗದ ವಿದ್ಯಾರ್ಥಿಗಳಿಗೆ ಅದೇ ಊರಿನಲ್ಲಿ ಬಾಡಿಗೆ ಮನೆ ದೊರೆಯುವುದು ಕಷ್ಟವಾಗಿತ್ತು. ಈ ಅನ್ಯಾಯದ ವಿರುದ್ಧ ಆ ಕಾಲೇಜಿನ ಅಧ್ಯಾಪಕ ಹ್ಯಾರಿ ಎಡ್ವರ್ಡ್ಸ್ 1967ರಲ್ಲಿ ಚಳವಳಿಯೊಂದನ್ನು ಸಂಘಟಿಸಿದನು. ವಿಂಟರ್ ಅವರ ಶಿಷ್ಯರು ಅದರಲ್ಲಿ ಸೇರಿದರು.

1968ರ ಅಕ್ಟೋಬರ್ 16ರಂದು ಮೆಕ್ಸಿಕೊ ನಗರದ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಓಟ ನಡೆಯಿತು. ಅದಕ್ಕೆ ಮುಂಚಿನ ಸುತ್ತಿನಲ್ಲಿ ಸ್ಮಿತ್‌ನ ತೊಡೆಯ ಸಂದಿನ ಸ್ನಾಯು ಉಳುಕಿತ್ತು. ಆದರೂ ಅವನು 19.83 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ವಿಶ್ವದಾಖಲೆಯೊಡನೆ ಚಿನ್ನ ಗೆದ್ದನು, ಕಾರ್ಲೋಸ್ ಮೂರನೆಯವನಾದನು. ಪದಕ ಪ್ರದಾನದ ವೇಳೆ ಅವರಿಬ್ಬರೂ ಬಡತನದ ಸಂಕೇತವಾಗಿ ಪಾದರಕ್ಷೆ ಕಳಚಿ, ತಲೆ ತಗ್ಗಿಸಿ, ಕಪ್ಪು ಕೈಗವಸು ತೊಟ್ಟ ಮುಷ್ಟಿಯನ್ನು ಮೇಲೆತ್ತಿ ನಿಂತರು. ಅದಕ್ಕಾಗಿ ಅವರನ್ನು ತಂಡದಿಂದ ಹೊರಹಾಕಲಾಯಿತು. ಎರಡು ದಿನಗಳ ಅನಂತರ ಇವಾನ್ಸ್ 400 ಮೀಟರ್ ಓಡಬೇಕಾಗಿತ್ತು. ಗೆಳೆಯರಿಗಾದ ಅವಮಾನದಿಂದ ಕುಗ್ಗಿದ ಅವನು ಓಡಬೇಕೋ ಬೇಡವೋ ಎಂದು ತೊಳಲಾಡಿದನು. ಕೊನೆಗೆ ಗೆಳೆಯರ ಒತ್ತಾಸೆಯಿಂದ ಕಣಕ್ಕಿಳಿದು 43.86 ಸೆಕೆಂಡುಗಳಲ್ಲಿ ಗುರಿ ಸೇರಿದನು. ಅಷ್ಟು ದುಗುಡವನ್ನು ಹೊತ್ತೂ ಅಷ್ಟು ಹಗುರಾಗಿ ಓಡಿದುದೇ ಅವನು ಕಲಿತ ವಿದ್ಯೆಯ ಪರೀಕ್ಷೆ. ಎತ್ತರದ ಆ ನಗರದ ತೆಳುಗಾಳಿ ವೇಗಕ್ಕೆ ನೆರವಾಗಿದ್ದಿರಬಹುದು. ಆದರೂ ಆ ದಾಖಲೆಯನ್ನು 1988ರವರೆಗೆ ಯಾರಿಂದಲೂ ಮುರಿಯಲಾಗಲಿಲ್ಲ. ನಾಲ್ವರು ತಲಾ 400 ಮೀಟರ್ ಓಡುವ ರಿಲೇಯಲ್ಲಿಯೂ ಇವಾನ್ಸ್ ಕೊನೆಯ ಸರದಿ ಓಡಿ ಮತ್ತೊಂದು ಚಿನ್ನ ಪಡೆದನು.

ತಂಡದಿಂದ ಹೊರದೂಡಲ್ಪಟ್ಟ ಕಾರ್ಲೋಸ್ ಕಾಲೇಜಿಗೆ ಮರಳಿ ವಿಂಟರ್ ಅವರ ತಂಡದಲ್ಲಿ ಓಡಿದನು. 1969ರ ರಾಷ್ಟ್ರೀಯ ಕಾಲೇಜು ಪಂದ್ಯಗಳಲ್ಲಿ ಅವನು 100 ಗಜ, 220 ಗಜ ಮತ್ತು ರಿಲೇ ಓಟಗಳಲ್ಲಿ ಗೆದ್ದುದರಿಂದ ಕಾಲೇಜಿಗೆ ರಾಷ್ಟ್ರೀಯ ಪ್ರಶಸ್ತಿ ದೊರೆಯಿತು. ಮರುವರ್ಷ, 1970ರಲ್ಲಿ, ವಿಂಟರ್ ನಿವೃತ್ತರಾದರು. ಅವರ ಶಿಷ್ಯರಲ್ಲಿ 27 ಮಂದಿ ಒಲಿಂಪಿಕ್ಸ್‌ನಲ್ಲಿ ಪಾಲ್ಗೊಂಡರು. ಅವರು ಸ್ಥಾಪಿಸಿದ ವಿಶ್ವದಾಖಲೆಗಳು 37. ತಮ್ಮ ಅನುಭವದ ಸಾರವನ್ನು ವಿಂಟರ್ 1981ರಲ್ಲಿ ಪ್ರಕಟವಾದ ರಿಲ್ಯಾಕ್ಸ್ ಅಂಡ್ ವಿನ್ ಎಂಬ ಪುಸ್ತಕದಲ್ಲಿ ಬರೆದಿಟ್ಟರು. 1985ರಲ್ಲಿ ಅಮೆರಿಕದ ಅಥ್ಲೆಟಿಕ್ಸ್ ಕೀರ್ತಿಭವನ ಅವರ ಹೆಸರನ್ನು ಸೇರಿಸಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಗುರುವಿನ ವಿದ್ಯೆ ಅವನೊಂದಿಗೆ ಮಣ್ಣಾಗುವುದಿಲ್ಲ. ಜಮೈಕಾ ದ್ವೀಪದಿಂದ ಬಂದು ವಿಂಟರ್ ಅವರಲ್ಲಿ ಕಲಿತ ಡೆನಿಸ್ ಜಾನ್ಸನ್ 1961ರಲ್ಲಿ 100 ಗಜಗಳ ವಿಶ್ವದಾಖಲೆಯನ್ನು ಸರಿಗಟ್ಟಿದ್ದನು. ತಾಯ್ನಾಡಿಗೆ ಹಿಂದಿರುಗಿದ ಮೇಲೆ ಅವನು ಕಿಂಗ್‌ಸ್ಟನ್ ನಗರದ ಕಾಲೇಜೊಂದರಲ್ಲಿ ಅದೇ ಬಗೆಯ ಶಿಕ್ಷಣಕ್ಕೆ ತಳಹದಿ ಹಾಕಿದನು. ಅಲ್ಲಿಯವರೆಗೆ ಜಮೈಕಾದ ಓಟಗಾರರು ತರಬೇತಿಗಾಗಿ ಅಮೆರಿಕಕ್ಕೆ ಹೋಗಬೇಕಾಗಿತ್ತು. ಸ್ವಂತ ನೆಲದಲ್ಲಿಯೇ ಬೆಳೆಯುವ ದಾರಿ ಅವರಿಗೆ ತೆರೆಯಿತು. ಮುಂದೆ ಆ ಪುಟ್ಟ ದ್ವೀಪ ವೇಗದ ಓಟದಲ್ಲಿ ಜಗತ್ತಿಗೇ ಮುಂದಾಳಾಯಿತು. ರಿಲೇಯ ದಂಡದಂತೆ ವಿದ್ಯೆಯೂ ಕೈಯಿಂದ ಕೈಗೆ ದಾಟಿತು. ಕೊಡುವವನು ಸಕಾಲದಲ್ಲಿ ಕೈಬಿಡಬೇಕು. ಪಡೆಯುವವನು ಅದನ್ನು ಹಿಡಿದು ತನ್ನ ಓಟವನ್ನು ತಾನೇ ಓಡಬೇಕು. ವಿಂಟರ್ ಅವರ ಬಾಳು ಸಾರುವುದು ಈ ಮಾತನ್ನೇ.