ಕೊಟ್ಟದ್ದು ಬೇರು ಬಿಡಬೇಕು: ಜಮ್‌ಶೆಟ್‌ಜಿ ಟಾಟಾ ಅವರ ಜೀವನ

ನಮ್ಮ ಸಂಘವು ಇಪ್ಪತ್ತೈದು ವರ್ಷಗಳನ್ನು ಪೂರೈಸಿ ಬೆಳ್ಳಿಹಬ್ಬವನ್ನು ಆಚರಿಸುತ್ತಿದೆ. ಈ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನವನ್ನು ಬರೆದುಕೊಡಬೇಕೆಂದು ಅಧ್ಯಕ್ಷರು ತಿಳಿಸಿದರು. ರೇಷ್ಮೆ ಹುಳು ಸಾಕಿ ಬದುಕು ಕಟ್ಟಿಕೊಂಡ ನಮಗೆ ನೆನಪಾದವರು ಜಮ್‌ಶೆಟ್‌ಜಿ ಟಾಟಾ. ಟಾಟಾ ಅಂದರೆ ಲಾರಿ, ಉಪ್ಪು, ಟೀ ಪುಡಿ ಅಷ್ಟೇ ಅಂತ ನಮ್ಮಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ಆದರೆ ಆ ಹೆಸರಿಗೂ ನಮ್ಮ ಹುಳು ಮನೆಗಳಿಗೂ ಹಳೇ ನಂಟಿದೆ.

ಜಮ್‌ಶೆಟ್‌ಜಿಯವರು 1839ರ ಮಾರ್ಚ್ 3ರಂದು ಗುಜರಾತಿನ ನವಸಾರಿಯಲ್ಲಿ ಪಾರ್ಸಿ ಪುರೋಹಿತರ ಮನೆತನದಲ್ಲಿ ಹುಟ್ಟಿದರು. ತಂದೆ ನಸರ್ವಾನ್‌ಜಿ ಪೌರೋಹಿತ್ಯ ಬಿಟ್ಟು ಮುಂಬಯಿಗೆ ಹೋಗಿ ವ್ಯಾಪಾರಕ್ಕಿಳಿದವರು. ಮಗ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದು ಮುಗಿಸಿ 1858ರಲ್ಲಿ ತಂದೆಯ ಜೊತೆ ಸೇರಿದರು. ಆಗಿನ ಬಹಳ ವರ್ತಕರಂತೆ ಅವರ ಮನೆತನವೂ ಚೀನಾ ದೇಶದ ಜೊತೆ ಹತ್ತಿ ಮತ್ತು ಅಫೀಮಿನ ವ್ಯಾಪಾರ ಮಾಡಿತ್ತು. ಅದನ್ನು ಮುಚ್ಚಿಟ್ಟು ಹೊಗಳುವುದು ಸರಿಯಲ್ಲ, ಅದಕ್ಕೇ ಬರೆದಿದ್ದೇವೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ನಮ್ಮ ದೇಶದ ಹತ್ತಿಗೆ ಚಿನ್ನದ ಬೆಲೆ ಬಂತು. 1865ರಲ್ಲಿ ಯುದ್ಧ ನಿಂತಿದ್ದೇ ಬೆಲೆ ನೆಲ ಕಚ್ಚಿತು, ಟಾಟಾ ಮನೆತನಕ್ಕೂ ಭಾರೀ ಪೆಟ್ಟು ಬಿತ್ತು. ಗೂಡಿನ ಬೆಲೆ ಒಂದೇ ವಾರದಲ್ಲಿ ಕುಸಿಯೋದನ್ನು ಕಂಡ ನಮಗೆ ಆ ಸಂಕಟ ವಿವರಿಸಿ ಹೇಳಬೇಕಾಗಿಲ್ಲ.

ಅವರು ಮತ್ತೆ ಎದ್ದು ನಿಂತರು. 1868ರಲ್ಲಿ 21,000 ರೂಪಾಯಿ ಬಂಡವಾಳದಲ್ಲಿ ಸ್ವಂತ ವ್ಯಾಪಾರ ಶುರು ಮಾಡಿದರು. ಮಿಲ್ಲು ಅಂದರೆ ಮುಂಬಯಿ ಅನ್ನುವ ಕಾಲದಲ್ಲಿ ಅವರು ಹತ್ತಿ ಬೆಳೆಯುವ ಊರಿನ ಹತ್ತಿರವೇ ಮಿಲ್ಲು ಇರಬೇಕೆಂದು ನಾಗಪುರಕ್ಕೆ ಹೋದರು. 1877ರ ಜನವರಿ 1ರಂದು ಎಂಪ್ರೆಸ್ ಮಿಲ್ಲು ಆರಂಭವಾಯಿತು. ಕೂಲಿಕಾರರಿಗೆ ಗಾಳಿ ಬೆಳಕಿನ ಏರ್ಪಾಟು, ಪಿಂಚಣಿ ನಿಧಿ, ಅಪಘಾತವಾದರೆ ಪರಿಹಾರ, ಇವನ್ನೆಲ್ಲ ಕಾನೂನು ಕೇಳುವುದಕ್ಕೆ ಮೊದಲೇ ಅಲ್ಲಿ ಮಾಡಿದರು.

ಇನ್ನು ನಮಗೆ ಸಂಬಂಧಪಟ್ಟ ವಿಚಾರ. ಮೈಸೂರು ಸೀಮೆಯಲ್ಲಿ ಟಿಪ್ಪು ಸುಲ್ತಾನನ ಕಾಲದಿಂದಲೂ ರೇಷ್ಮೆ ಇತ್ತು. ಆದರೆ ಹತ್ತೊಂಬತ್ತನೇ ಶತಮಾನದಲ್ಲಿ ಹುಳುಗಳಿಗೆ ರೋಗ ಬಿದ್ದು ಕಸುಬು ನಲುಗಿತ್ತು. ಜಮ್‌ಶೆಟ್‌ಜಿಯವರು 1893ರಲ್ಲಿ ಜಪಾನ್ ದೇಶಕ್ಕೆ ಹೋಗಿ ಬಂದಿದ್ದರು. ಆ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ತೆರೆದು, ಜಪಾನಿನಿಂದ ತಜ್ಞರನ್ನು ಕರೆಸಿ, ನಮ್ಮವರಿಗೆ ತರಬೇತಿ ಕೊಡಿಸಿದರು. ಮೈಸೂರು ಸರ್ಕಾರ ಜಮೀನನ್ನೂ ವರ್ಷಾ ವರ್ಷ ಸಹಾಯಧನವನ್ನೂ ಕೊಟ್ಟಿತು. ಗಂಟುರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುತ್ತದೆ. ಆದ್ದರಿಂದ ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಕಂಡರೆ ಆ ಮೊಟ್ಟೆಯನ್ನೇ ಸುಟ್ಟುಬಿಡಬೇಕು. ಫ್ರಾನ್ಸಿನ ಲೂಯಿ ಪಾಸ್ಚರ್ ಕಂಡುಹಿಡಿದ ಕ್ರಮ ಇದು. ಇವತ್ತು ನಾವು ರೋಗರಹಿತ ಮೊಟ್ಟೆ ಅಂತ ದುಡ್ಡು ಕೊಟ್ಟು ತರುತ್ತೇವಲ್ಲ, ಅದರ ಹಿಂದೆ ಇರುವುದು ಇದೇ ವಿದ್ಯೆ. ಜಮ್‌ಶೆಟ್‌ಜಿಯವರ ನಂತರ 1910ರಲ್ಲಿ ಆ ತೋಟವನ್ನು ಸಾಲ್ವೇಶನ್ ಆರ್ಮಿ ಎಂಬ ಸಂಸ್ಥೆ ವಹಿಸಿಕೊಂಡಿತು. ತೋಟ ಹೋಯಿತು. ಬಸವನಗುಡಿ ಪಕ್ಕದ ಬಡಾವಣೆಗೆ ಟಾಟಾ ಸಿಲ್ಕ್ ಫಾರಂ ಅನ್ನುವ ಹೆಸರು ಈಗಲೂ ಉಳಿದಿದೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಬೆಳೆ ಹೋದ ರೈತನಿಗೆ ಅವರು ಒಂದು ಚೀಲ ಅಕ್ಕಿ ಕೊಟ್ಟಿದ್ದರೆ ಅದು ತಿಂಗಳಿಗೆ ಮುಗಿದುಹೋಗುತ್ತಿತ್ತು. ವಿದ್ಯೆ ಕೊಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಹಂಗಂತ ಹಸಿದವರಿಗೆ ಅನ್ನ ಬೇಡ ಅಂತ ನಾವು ಹೇಳುತ್ತಿಲ್ಲ. ಅನ್ನ ಕೊಟ್ಟು ಅಲ್ಲಿಗೇ ನಿಲ್ಲಬಾರದು ಅಂತ ಅಷ್ಟೆ.

1892ರಲ್ಲಿ ಅವರು ವಿದ್ಯಾರ್ಥಿಗಳಿಗಾಗಿ ಒಂದು ನಿಧಿ ಇಟ್ಟರು. ಮೊದಲು ಪಾರ್ಸಿಗಳಿಗೆ ಮಾತ್ರ ಇದ್ದದ್ದನ್ನು 1894ರಲ್ಲಿ ಎಲ್ಲಾ ಜಾತಿ ಧರ್ಮದವರಿಗೂ ತೆರೆದರು. ಹೊರದೇಶಕ್ಕೆ ಓದಲು ಹೋಗುವವರಿಗೆ ಅಲ್ಲಿ ಸಿಗುವುದು ದಾನವಲ್ಲ, ಸಾಲ. ಓದಿ ದುಡಿದು ವಾಪಸ್ ಕಟ್ಟಬೇಕು, ಆ ದುಡ್ಡು ಇನ್ನೊಬ್ಬ ಹುಡುಗನಿಗೆ ಹೋಗುತ್ತದೆ. ನಮ್ಮ ತುಮಕೂರಿನಲ್ಲಿ ಹುಟ್ಟಿದ ವಿಜ್ಞಾನಿ ರಾಜಾ ರಾಮಣ್ಣನವರೂ, ರಾಷ್ಟ್ರಪತಿಯಾದ ಕೆ. ಆರ್. ನಾರಾಯಣನ್ ಅವರೂ ಈ ನಿಧಿಯಿಂದ ಓದಿದವರೇ. ಇದು ಸಹಕಾರ ಸಂಘದ ಲೆಕ್ಕದ ಹಾಗೇ ಇದೆಯಲ್ಲವೇ?

1898ರಲ್ಲಿ ವಿಜ್ಞಾನದ ಸಂಸ್ಥೆ ಕಟ್ಟಲು ಸುಮಾರು 30 ಲಕ್ಷ ರೂಪಾಯಿ ಬೆಲೆಯ ಆಸ್ತಿ ಕೊಡಲು ಮುಂದಾದರು. ಬ್ರಿಟಿಷ್ ಸರ್ಕಾರ ಒಪ್ಪುವುದಕ್ಕೇ ವರ್ಷಗಳು ಹಿಡಿದವು. ಅಷ್ಟರಲ್ಲಿ 1904ರ ಮೇ 19ರಂದು ಜರ್ಮನಿಯಲ್ಲಿ ಅವರು ತೀರಿಕೊಂಡರು. ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು, 1909ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆ ಎಂಬ ಹೆಸರಿನಲ್ಲಿ ಟಾಟಾ ಎಂಬ ಪದವಿಲ್ಲ, ಆದರೂ ಬೆಂಗಳೂರಿನ ಜನ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುತ್ತಾರೆ. ಅಲ್ಲಿ 1974ರಲ್ಲಿ ಹಳ್ಳಿಗಳಿಗಾಗಿಯೇ ಶುರುವಾದ ಅಸ್ತ್ರ ವಿಭಾಗದಿಂದ ಬಂದದ್ದು ಸೌದೆ ಉಳಿಸುವ, ಹೊಗೆ ಇಲ್ಲದ ಅಸ್ತ್ರ ಒಲೆ. ಆ ಒಲೆ ಉರಿಸಿದ ಮನೆಗಳಲ್ಲಿ ತಾಯಂದಿರ ಕಣ್ಣೂ ಉಳಿಯಿತು, ಕಾಡೂ ಉಳಿಯಿತು. ಊರು ಹೇಗಿರಬೇಕೆಂಬ ಯೋಚನೆಯೂ ಅವರಿಗಿತ್ತು. ಮುಂದೆ ಕಟ್ಟುವ ಉಕ್ಕಿನ ಕಾರ್ಖಾನೆಯ ಊರಿನಲ್ಲಿ ಅಗಲ ಬೀದಿ, ಬೇಗ ಬೆಳೆಯುವ ನೆರಳಿನ ಮರ, ತೋಟ ಇರಬೇಕೆಂದು 1902ರಲ್ಲೇ ಮಗ ದೊರಾಬ್‌ಜಿಗೆ ಕಾಗದ ಬರೆದಿದ್ದರು. ಅದೇ ಇಂದಿನ ಜಮ್‌ಶೆಡ್‌ಪುರ.

ಮಕ್ಕಳಿಬ್ಬರೂ ತಮ್ಮ ಆಸ್ತಿಯನ್ನು ಟ್ರಸ್ಟುಗಳಿಗೆ ಬಿಟ್ಟರು. ಇಂದು ಟಾಟಾ ಸನ್ಸ್ ಕಂಪನಿಯ ಷೇರಿನಲ್ಲಿ ಮೂರರಲ್ಲಿ ಎರಡು ಪಾಲು ಇಂಥ ಧರ್ಮದತ್ತಿಗಳದ್ದು. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳೆಲ್ಲ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಹಸಿವು, ಅಪೌಷ್ಟಿಕತೆ, ಪರಿಸರ ಎಲ್ಲವೂ ಆ ಪಟ್ಟಿಯಲ್ಲಿವೆ. ಒಳ್ಳೆಯದೇ. ಆದರೆ ನಮ್ಮ ಸುತ್ತಿನ ಒಂದು ಹಳ್ಳಿಯಲ್ಲಿ ಇಂಥ ದುಡ್ಡಿನಿಂದ ಹಾಕಿದ ಕುಡಿಯುವ ನೀರಿನ ಘಟಕಕ್ಕೆ, ಫಿಲ್ಟರ್ ಬದಲಾಯಿಸುವವರಿಲ್ಲದೆ ಬೀಗ ಬಿದ್ದಿದೆ. ಬೋರ್ಡು ಮಾತ್ರ ಹೊಳೆಯುತ್ತಿದೆ. ಕೊಟ್ಟವರು ಹೊರಟುಹೋದ ಮೇಲೆ ನೋಡಿಕೊಳ್ಳುವವರು ಯಾರು ಎಂಬುದನ್ನು ಮೊದಲೇ ತೀರ್ಮಾನಿಸದಿದ್ದರೆ ಹೀಗೇ ಆಗುವುದು.

ಈ ಮಾತು ನಮ್ಮ ಸಂಘಕ್ಕೂ ಅನ್ವಯಿಸುತ್ತದೆ. ಬರುವ ಸರ್ವಸದಸ್ಯರ ಸಭೆಯಲ್ಲಿ, ಆಪದ್ಧನ ನಿಧಿಗೆ ತೆಗೆದಿಟ್ಟು ಉಳಿದ ಲಾಭವನ್ನು ಏನು ಮಾಡುವುದೆಂಬ ಚರ್ಚೆ ಇದೆ. ಬೆಳ್ಳಿಹಬ್ಬದ ನೆನಪಿಗೆ ಮನೆಗೊಂದು ಸ್ಟೀಲ್ ಪಾತ್ರೆ ಕೊಡೋಣ ಅಂತ ಕೆಲವರ ಆಸೆ, ತಪ್ಪೇನಿಲ್ಲ. ಆದರೆ ಅದೇ ದುಡ್ಡನ್ನು ಸದಸ್ಯರ ಮಕ್ಕಳ ಓದಿಗೆ ಸಾಲದ ನಿಧಿಯಾಗಿ ಇಟ್ಟರೆ, ಒಬ್ಬರು ಕಟ್ಟಿದ್ದು ಇನ್ನೊಬ್ಬರಿಗೆ ಹೋಗುತ್ತಾ ಸುವರ್ಣ ಮಹೋತ್ಸವದ ಹೊತ್ತಿಗೆ ಎಷ್ಟು ಮನೆ ಬೆಳಗಬಹುದು ನೋಡಿ. ಸಾಲ ತೆಗೆದುಕೊಂಡವರು ವಾಯಿದೆಗೆ ಸರಿಯಾಗಿ ಕಟ್ಟಬೇಕು, ಅದೊಂದೇ ಷರತ್ತು. ದೊಡ್ಡ ಶ್ರೀಮಂತರಿಗೆ ಮಾತ್ರ ಸಾಧ್ಯ ಅಂತ ಅಂದುಕೊಳ್ಳಬಾರದು. ಹನಿ ಹನಿಗೂಡಿದರೆ ಹಳ್ಳ ಅನ್ನುವ ನಂಬಿಕೆಯ ಮೇಲೇ ಅಲ್ಲವೇ ನಮ್ಮ ಹಿರಿಯರು ಈ ಸಂಘ ಕಟ್ಟಿದ್ದು. ಎಲ್ಲರೂ ತಪ್ಪದೆ ಸಭೆಗೆ ಬಂದು ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತಾ, ಸಂಘವು ಇನ್ನೂ ಹೆಚ್ಚಿನ ಏಳಿಗೆ ಕಾಣಲಿ ಎಂದು ಹಾರೈಸುತ್ತೇವೆ.