ಮರ್ಫಿ ಟೌನ್‌ನ ರೆಕ್ಕೆಕಾಯಿ ಮತ್ತು ಬಿ.ಜಿ.ಎಲ್. ಸ್ವಾಮಿ

ಮರ್ಫಿ ಟೌನ್‌ನಲ್ಲಿ ನಮ್ಮ ಪಿ.ಜಿ. ಇರೋ ಬೀದಿಯಲ್ಲಿ ಒಂದು ಕಾಪರ್‌ಪಾಡ್ ಮರ ಇದೆ. ಹಳದಿ ಹೂ ಮುಗಿದ ಮೇಲೆ ತಾಮ್ರದ ಬಣ್ಣದ ಚಪ್ಪಟೆ ಕಾಯಿಗಳು ಉದುರಿ ಸ್ಕೂಟರ್ ಸೀಟಿನ ಮೇಲೆಲ್ಲ ಬೀಳುತ್ತವೆ. ಅಂಚಿನಲ್ಲಿ ತೆಳ್ಳಗಿನ ರೆಕ್ಕೆ. ರೆಕ್ಕೆಕಾಯಿ ಹೊಸ ವಿಷಯ ಏನಲ್ಲ, ಎಲ್ಮ್, ಮೇಪಲ್ ಬಳಗದವುಗಳ ಅಚ್ಚು ಸುಮಾರು 5 ಕೋಟಿ ವರ್ಷ ಹಳೆಯ ಕಲ್ಲುಗಳಲ್ಲೂ ಸಿಕ್ಕಿದೆ. ಆದ್ರೆ ರೆಕ್ಕೆಗಿಂತ ಹಿಂದಿನ ಪ್ರಶ್ನೆ ಒಂದಿದೆ: ಕಾಯಿ ಅನ್ನೋದೇ ಎಲ್ಲಿಂದ ಬಂತು? ಇದರ ಬೆನ್ನು ಹತ್ತಿದವರಲ್ಲಿ ಒಬ್ಬರು ನಮ್ಮ ಬೆಂಗಳೂರಿನವರೇ.

ಬಿ.ಜಿ.ಎಲ್. ಸ್ವಾಮಿ ಹುಟ್ಟಿದ್ದು 1918ರಲ್ಲಿ. ಅಪ್ಪ ಡಿ.ವಿ.ಜಿ. ನಮ್ಮಲ್ಲಿ ಬಹಳ ಜನರಿಗೆ ಸ್ವಾಮಿ ಅಂದ್ರೆ 'ಕಾಲೇಜು ರಂಗ' ಬರೆದ ನಗೆಗಾರ, ಅಷ್ಟೇ. ಅವರು ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಆರ್ಕಿಡ್‌ಗಳ ಭ್ರೂಣದ ಬಗ್ಗೆ ಸಂಶೋಧನೆ ಮಾಡಿ, ಹಾರ್ವರ್ಡ್‌ಗೆ ಹೋಗಿ ಇರ್ವಿಂಗ್ ಬೈಲಿ ಜೊತೆ ಕೆಲಸ ಮಾಡಿದ್ರು ಅನ್ನೋದು ನಮಗೆ ಗೊತ್ತಾಗಿದ್ದು ಈಚೆಗೆ.

ಬೈಲಿ ಅವರ ಹುಚ್ಚು ಮರದೊಳಗಿನ ಪೈಪ್‌ಗಳು. ಹೂ ಬಿಡುವ ಹೆಚ್ಚಿನ ಗಿಡಗಳಲ್ಲಿ ನೀರು ಸಾಗಿಸೋ ಕೋಶಗಳ ತುದಿ ತೂತಾಗಿ, ಒಂದಕ್ಕೊಂದು ಸೇರಿ ಉದ್ದ ಪೈಪ್‌ಲೈನ್ ಆಗಿರುತ್ತೆ. ಕೆಲವೇ ಗಿಡಗಳಲ್ಲಿ ಆ ಪೈಪ್ ಇಲ್ಲ, ನೀರು ಒಂದು ಮುಚ್ಚಿದ ಕೋಶದಿಂದ ಇನ್ನೊಂದಕ್ಕೆ ಜಿನುಗಿಕೊಂಡೇ ಹೋಗಬೇಕು. ಮೆಕ್ಯಾನಿಕಲ್‌ನವರಿಗೆ ಹೇಳಬೇಕಿಲ್ಲ, ಘರ್ಷಣೆ ಜಾಸ್ತಿ. ಇಂಥವು ಹಳೆಯ ಕಾಲದ ವಿನ್ಯಾಸ ಉಳಿಸಿಕೊಂಡಿವೆ ಅಂತ ಬೈಲಿ ನಂಬಿದ್ದರು. 1948ರಲ್ಲಿ ಬೈಲಿ ಮತ್ತು ಸ್ವಾಮಿ ನ್ಯೂ ಕ್ಯಾಲೆಡೋನಿಯಾ ದ್ವೀಪದ ಆಂಬೊರೆಲ್ಲಾ ಎಂಬ ಪೊದೆ ಇಂಥದ್ದೇ ಎಂದು ಪ್ರಕಟಿಸಿದರು.

1951ರ ಪ್ರಬಂಧ ಕಾಯಿಯ ಬಗ್ಗೆ. ಫಿಜಿಯ ಡಿಜನೇರಿಯಾ ಮರದ ಹೂವಿನಲ್ಲಿ ಅಂಡಕೋಶ ಪೂರ್ತಿ ಮುಚ್ಚಿರಲ್ಲ, ಅಂಚುಗಳು ಬರೀ ಒಂದರ ಪಕ್ಕ ಒಂದು ಕೂತಿರುತ್ತವೆ. ಹಾಗಾದ್ರೆ ಮೊದಲ ಅಂಡಕೋಶ ಅಂದ್ರೆ ನಡುನರದ ಉದ್ದಕ್ಕೆ ದೋಸೆ ಥರ ಮಡಚಿದ ಎಲೆ, ಒಳಗೆ ಬೀಜ. ಅಂಚು ಬೆಸೆದುಕೊಂಡದ್ದು ಆಮೇಲೆ. ಇದು ಅವರ ವಾದ. 1984ರಲ್ಲಿ ಅಮೆರಿಕದ ಕಾನ್ಸಾಸ್‌ನಿಂದ ಸುಮಾರು 10 ಕೋಟಿ ವರ್ಷ ಹಳೆಯ ಆರ್ಕಿಯಾಂಥಸ್ ಎಂಬ ಪಳೆಯುಳಿಕೆ ವರದಿಯಾಯ್ತು. ಒಂದೇ ಕಡ್ಡಿಯ ಮೇಲೆ ನೂರಕ್ಕೂ ಹೆಚ್ಚು ಮಡಚಿದಂಥ ಕಾಯಿಗಳು. ನೋಡೋಕೆ ಸ್ವಾಮಿ ಇರಲಿಲ್ಲ, 1980ರ ನವೆಂಬರ್ 2ರಂದು ತೀರಿಕೊಂಡಿದ್ದರು.

ಇಲ್ಲಿಗೆ ನಿಲ್ಲಿಸಿದ್ರೆ ಕಥೆ ಚೆನ್ನಾಗಿರುತ್ತೆ, ಆದ್ರೆ ಪ್ರಾಮಾಣಿಕ ಅಲ್ಲ. 1999ರಲ್ಲಿ ಡಿ.ಎನ್.ಎ. ಹೋಲಿಸಿದ ತಂಡಗಳಿಗೆ, ಹೂ ಗಿಡಗಳ ವಂಶವೃಕ್ಷದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದದ್ದು ಆಂಬೊರೆಲ್ಲಾ ಅಂತ ಗೊತ್ತಾಯ್ತು. ಅಂದ್ರೆ 51 ವರ್ಷ ಮೊದಲೇ ಸ್ವಾಮಿಯವರ ಮೈಕ್ರೋಸ್ಕೋಪಿನ ಕೆಳಗೆ ಇದ್ದದ್ದು ಸರಿಯಾದ ಗಿಡವೇ. ಆದ್ರೆ ಅದರ ಅಂಡಕೋಶ ಮಡಚಿದ ಎಲೆಯಂತಿಲ್ಲ, ಪುಟ್ಟ ಲೋಟದಂತಿದೆ, ಬಾಯಿ ಅಂಟಿನಿಂದ ಮುಚ್ಚಿರುತ್ತೆ. ಅವರೇ ವರ್ಣಿಸಿದ ಗಿಡ ಅವರ ಸಿದ್ಧಾಂತವನ್ನೇ ಅಲುಗಾಡಿಸಿತು. ನಮಗೆ ಇದರಿಂದ ಸ್ವಾಮಿ ಚಿಕ್ಕವರಾಗಿ ಕಾಣಲಿಲ್ಲ. ಬಿಡಿಸಿ ನೋಡಿದ್ದನ್ನು ಸರಿಯಾಗಿ ಬರೆದಿಟ್ಟಿದ್ದಕ್ಕೇ ಆಮೇಲಿನವರು ಅದೇ ಗಿಡಕ್ಕೆ ವಾಪಸ್ ಹೋಗೋಕಾಯ್ತು.

ಅಮೆರಿಕದಿಂದ ಬಂದ ಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಮಾಡಿದರು, ಅಲ್ಲೇ ಪ್ರಿನ್ಸಿಪಾಲ್ ಆದರು. ದಕ್ಷಿಣ ಭಾರತದ ಮಲೆಗಳ ಒಂದು ಗಿಡಕ್ಕೆ 1953ರಲ್ಲಿ ಗುರುವಿನ ಹೆಸರನ್ನೇ ಇಟ್ಟರು, ಸಾರ್ಕ್ಯಾಂಡ್ರಾ ಇರ್ವಿಂಗ್‌ಬೈಲಿಯೈ. ವಿದ್ಯಾರ್ಥಿಗಳ ಜೊತೆ ಕಾಡು ಸುತ್ತಿದ್ದನ್ನು 'ಹಸಿರು ಹೊನ್ನು' ಮಾಡಿದರು, ಅದಕ್ಕೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಚಿತ್ರಗಳೂ ಅವರವೇ.

ಆ ಪುಸ್ತಕ ಓದುವಾಗ ಇಂಗ್ಲಿಷ್ ಮೀಡಿಯಂನ ನಮಗೆ ಪುಟಕ್ಕೆ ಎರಡು ಪದವಾದರೂ ಕೇಳಿ ತಿಳಿಯಬೇಕಾಯ್ತು. ಕಾಪರ್‌ಪಾಡ್ ಕಾಯನ್ನು ಬ್ಲೇಡಿನಿಂದ ಬಿಡಿಸಿದ್ದು ಅದಾದ ಮೇಲೆ. ಬೀಜಗಳೆಲ್ಲ ಒಂದೇ ಅಂಚಿಗೆ ಅಂಟಿಕೊಂಡಿದ್ದವು.