ಜಾಝ್ ನೃತ್ಯಕ್ಕೆ ವ್ಯಾಕರಣ ಬರೆದ ಜಾಕ್ ಕೋಲ್

ಗುಲಾಬಿ ಬಣ್ಣದ ಉಡುಪು ತೊಟ್ಟ ಮೆರಿಲಿನ್ ಮನ್ರೋ ವಜ್ರಗಳ ಮಹಿಮೆಯನ್ನು ಹಾಡಿ ಕುಣಿಯುವ ದೃಶ್ಯ ಹಾಲಿವುಡ್ ಚಿತ್ರಗಳ ಅಭಿಮಾನಿಗಳಿಗೆ ಚಿರಪರಿಚಿತ. 'ಜಂಟಲ್‌ಮೆನ್ ಪ್ರಿಫರ್ ಬ್ಲಾಂಡ್ಸ್' ಹೆಸರಿನ ಆ ಚಿತ್ರ ತೆರೆಕಂಡದ್ದು 1953ರಲ್ಲಿ. ಮನ್ರೋಳ ಭುಜದ ಕುಲುಕು, ಬೆರಳುಗಳ ಬಾಗು, ವಾರೆನೋಟ ಇವೆಲ್ಲವನ್ನೂ ರೂಪಿಸಿದವನು ಜಾಕ್ ಕೋಲ್. ಅಮೆರಿಕದ ರಂಗಭೂಮಿ ಮತ್ತು ಚಲನಚಿತ್ರಗಳ ಜಾಝ್ ನೃತ್ಯಕ್ಕೆ ಈತನೇ ಪಿತಾಮಹನೆಂದು ನೃತ್ಯ ಚರಿತ್ರೆಕಾರರು ಗುರುತಿಸುತ್ತಾರೆ. ಆದರೆ ಆ ಪರಂಪರೆಯ ಬೇರುಗಳು ಕೋಲ್‌ಗಿಂತ ಬಹಳ ಹಿಂದಿನವು. ಅದರ ಒಂದು ಎಳೆ ನಮ್ಮ ಭರತನಾಟ್ಯದವರೆಗೂ ಚಾಚಿಕೊಂಡಿದೆ.

ಗುಲಾಮರ ಹಟ್ಟಿಯಿಂದ ಹಾರ್ಲೆಮ್‌ಗೆ

ಜಾಝ್ ನೃತ್ಯ ಯಾವೊಬ್ಬ ಕಲಾವಿದನ ಸೃಷ್ಟಿಯೂ ಅಲ್ಲ. ಆಫ್ರಿಕಾದಿಂದ ಹಡಗುಗಳಲ್ಲಿ ತುಂಬಿ ತಂದ ಗುಲಾಮರು ತಮ್ಮ ದೇಹದಲ್ಲಿ ಉಳಿಸಿಕೊಂಡು ಬಂದ ಲಯವೇ ಅದರ ಮೂಲ. 1739ರಲ್ಲಿ ಸೌತ್ ಕೆರೊಲಿನಾದಲ್ಲಿ ಗುಲಾಮರು ದಂಗೆಯೆದ್ದಾಗ, ಮರುವರ್ಷ ಜಾರಿಗೆ ಬಂದ ಕಾನೂನು ಅವರಿಗೆ ಡೋಲು ಬಾರಿಸುವುದನ್ನು ನಿಷೇಧಿಸಿತು. ಡೋಲು ಕಸಿದುಕೊಂಡರೂ ತಾಳ ಸಾಯಲಿಲ್ಲ. ಗುಲಾಮರು ತೊಡೆ, ಎದೆ, ಅಂಗೈಗಳನ್ನೇ ವಾದ್ಯವಾಗಿಸಿಕೊಂಡರು, ಪಾದಗಳಿಂದ ನೆಲ ತಟ್ಟಿದರು. ಒಡೆಯರ ಠೀವಿಯನ್ನು ಅಣಕಿಸುವ ಕೇಕ್‌ವಾಕ್ ಹುಟ್ಟಿದ್ದೂ ತೋಟಗಳ ಈ ಹಟ್ಟಿಗಳಲ್ಲಿಯೇ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಕ್ಷಾಂತರ ಕಪ್ಪು ಜನರು ದಕ್ಷಿಣದ ರಾಜ್ಯಗಳಿಂದ ಉತ್ತರದ ನಗರಗಳಿಗೆ ವಲಸೆ ಹೋದಾಗ ಈ ಕುಣಿತಗಳೂ ಜೊತೆಗೆ ಹೋದವು. 1923ರಲ್ಲಿ 'ರನ್ನಿನ್ ವೈಲ್ಡ್' ನಾಟಕದ ಮೂಲಕ ಚಾರ್ಲ್‌ಸ್ಟನ್ ನೃತ್ಯ ದೇಶದ ತುಂಬ ಹರಡಿತು. 1926ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಸವಾಯ್ ಬಾಲ್‌ರೂಮ್ ಬಾಗಿಲು ತೆರೆಯಿತು. ಕಪ್ಪು ಮತ್ತು ಬಿಳಿಯ ಜನರು ಒಂದೇ ನೆಲದ ಮೇಲೆ ಕುಣಿಯಬಹುದಾಗಿದ್ದ ಅಪರೂಪದ ತಾಣವದು. ಲಿಂಡಿ ಹಾಪ್ ಎಂಬ ಜೋಡಿ ನೃತ್ಯ ಬೆಳೆದು ಹೆಸರಾದದ್ದು ಅಲ್ಲಿಯೇ.

ದೇವಾಲಯದ ಕನಸು, ಕ್ಲಬ್ಬಿನ ಬದುಕು

ಕೋಲ್ ಜನಿಸಿದ್ದು 1911ರ ಏಪ್ರಿಲ್ 27ರಂದು, ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್‌ನಲ್ಲಿ. ಹುಟ್ಟುಹೆಸರು ಜಾನ್ ಯೂವಿಂಗ್ ರಿಕ್ಟರ್. ಹತ್ತೊಂಬತ್ತರ ಹರೆಯದಲ್ಲಿ, ಅಂದರೆ 1930ರಲ್ಲಿ, ಆತ ರೂತ್ ಸೇಂಟ್ ಡೆನಿಸ್ ಮತ್ತು ಟೆಡ್ ಶಾನ್ ದಂಪತಿಯ ಡೆನಿಶಾನ್ ತಂಡ ಸೇರಿದ. ಪೂರ್ವ ದೇಶಗಳ ದೇವಾಲಯ, ದೇವತೆ, ಧೂಪದೀಪಗಳ ಕಲ್ಪನೆಯಲ್ಲಿ ಮುಳುಗಿದ್ದ ತಂಡವದು. ಅಲ್ಲಿ ಭಾರತವೆಂದರೆ ಬಹುಮಟ್ಟಿಗೆ ಒಂದು ಕನಸು, ಒಂದು ವೇಷ. ಆ ತಂಡ ಬೇಗನೆ ಚದುರಿತು. ಮುಂದೆ ಡೋರಿಸ್ ಹಂಫ್ರಿ ಮತ್ತು ಚಾರ್ಲ್ಸ್ ವೈಡ್‌ಮನ್ ಅವರ ಆಧುನಿಕ ನೃತ್ಯ ತಂಡದಲ್ಲಿ ಕೋಲ್ ದುಡಿದ.

ಅದು ಮಹಾ ಆರ್ಥಿಕ ಕುಸಿತದ ಕಾಲ. ಗಂಭೀರ ನೃತ್ಯ ಹೊಟ್ಟೆ ತುಂಬಿಸುತ್ತಿರಲಿಲ್ಲ. 1933ರಲ್ಲಿ ಪಾನನಿಷೇಧ ರದ್ದಾಗಿ ನೈಟ್‌ಕ್ಲಬ್‌ಗಳು ಮತ್ತೆ ಬೆಳಗತೊಡಗಿದಾಗ ಕೋಲ್ ಅತ್ತ ಹೊರಳಿದ. ಗಾಜಿನ ಲೋಟಗಳ ಸದ್ದು, ಊಟದ ಮೇಜುಗಳ ಗದ್ದಲ, ಅಂಗೈಯಗಲದ ವೇದಿಕೆ. ಅಂಥಲ್ಲಿ ಕೆಲವೇ ನಿಮಿಷಗಳಲ್ಲಿ ನೋಡುಗನ ಕಣ್ಣನ್ನು ಸೆರೆಹಿಡಿಯಬೇಕಿತ್ತು. ಚಾಟಿಯೇಟಿನಂತೆ ಚಿಮ್ಮಿ ತಟ್ಟನೆ ಸ್ತಬ್ಧವಾಗುವ ಕೋಲ್‌ನ ಶೈಲಿಗೆ ಕ್ಲಬ್ಬಿನ ಈ ಅನಿವಾರ್ಯವೂ ಒಂದು ಕಾರಣ.

ಅರೆಮಂಡಿಗೆ ಸ್ವಿಂಗ್ ಲಯ

ಡೆನಿಶಾನ್‌ನ ಹುಸಿ ಭಾರತ ಕೋಲ್‌ಗೆ ತೃಪ್ತಿ ನೀಡಲಿಲ್ಲ. ಆತ ಭರತನಾಟ್ಯದ ಅಡವುಗಳನ್ನು, ಹಸ್ತಮುದ್ರೆಗಳನ್ನು, ಕಣ್ಣು ಮತ್ತು ಕತ್ತಿನ ಚಲನೆಗಳನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದ. ಅದೇ ಕಾಲಕ್ಕೆ ಮದ್ರಾಸಿನಲ್ಲಿಯೂ ಈ ಕಲೆ ದೊಡ್ಡದೊಂದು ತಿರುವಿನಲ್ಲಿತ್ತು. ದೇವದಾಸಿಯರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದ ಸದಿರ್ ಭರತನಾಟ್ಯವೆಂಬ ಹೆಸರಿನಲ್ಲಿ ಸಭಾ ವೇದಿಕೆಗಳನ್ನೇರುತ್ತಿತ್ತು. ರುಕ್ಮಿಣಿದೇವಿ ಅರುಂಡೇಲ್ ಅಡ್ಯಾರಿನಲ್ಲಿ ಮೊದಲ ಪ್ರದರ್ಶನ ನೀಡಿದ್ದು 1935ರಲ್ಲಿ, ಕಲಾಕ್ಷೇತ್ರ ಸ್ಥಾಪನೆಯಾದದ್ದು 1936ರಲ್ಲಿ.

ಕೋಲ್ ಮಾಡಿದ ಸಾಹಸ ಬೇರೆಯದೇ. ಅಡವುಗಳ ಖಚಿತತೆಯನ್ನು ಹಾಗೆಯೇ ಉಳಿಸಿಕೊಂಡು, ಸಂಗೀತವನ್ನು ಮಾತ್ರ ಸ್ವಿಂಗ್ ವಾದ್ಯವೃಂದಕ್ಕೆ ಬದಲಿಸಿದ. ಕ್ಲಬ್ಬುಗಳ ಶ್ರೀಮಂತ ಗಿರಾಕಿಗಳು ಬೆರಗಾದರು. ಜನ ಇದನ್ನು ಹಿಂದೂ ಸ್ವಿಂಗ್ ಎಂದು ಕರೆದರು. ಮೇಲುನೋಟಕ್ಕೆ ಇದೊಂದು ತಮಾಷೆಯ ಬೆರಕೆಯಂತೆ ಕಾಣಬಹುದು. ಆದರೆ ಎರಡು ಪರಂಪರೆಗಳ ನಡುವೆ ಆತ ಕಂಡ ಸಾಮ್ಯ ನಿಜವಾದದ್ದು. ಬ್ಯಾಲೆ ದೇಹವನ್ನು ಆಕಾಶದತ್ತ ಎಳೆದರೆ, ಭರತನಾಟ್ಯದ ಅರೆಮಂಡಿ ಮತ್ತು ಹಾರ್ಲೆಮ್‌ನ ಬಾಗಿದ ಮೊಣಕಾಲು ಎರಡೂ ಭೂಮಿಯನ್ನು ನೆಚ್ಚುತ್ತವೆ. ಎರಡರಲ್ಲಿಯೂ ಪಾದ ಒಂದು ತಾಳವಾದ್ಯ. ಕತ್ತು, ಭುಜ, ಸೊಂಟ, ಕೈಗಳನ್ನು ಒಂದರಿಂದೊಂದು ಬೇರ್ಪಡಿಸಿ ಚಲಿಸುವ ಇಂದಿನ ಜಾಝ್ ತರಗತಿಗಳ ಮೂಲ ಅಭ್ಯಾಸವನ್ನು ಕೋಲ್ ಶಿಸ್ತಿಗೆ ಒಳಪಡಿಸಿದ್ದು ಈ ಎರಡು ಮೂಲಗಳಿಂದ.

ಸ್ಟುಡಿಯೋದೊಳಗೊಂದು ಗರಡಿ

ನಲವತ್ತರ ದಶಕದಲ್ಲಿ ಹಾಲಿವುಡ್ ಕೋಲ್‌ನನ್ನು ಕರೆಯಿತು. ಕೊಲಂಬಿಯಾ ಪಿಕ್ಚರ್ಸ್ ಸಂಸ್ಥೆಯನ್ನು ಒಪ್ಪಿಸಿ ಆತ ಅಲ್ಲಿ ಸಂಬಳದ ಕಾಯಂ ನೃತ್ಯ ತಂಡವೊಂದನ್ನು ಕಟ್ಟಿದ. ಚಿತ್ರೀಕರಣವಿರಲಿ, ಇಲ್ಲದಿರಲಿ, ಬ್ಯಾಲೆ, ಭಾರತೀಯ ನೃತ್ಯ, ಸ್ಪೇನಿನ ಫ್ಲಮೆಂಕೊ ಸೇರಿದಂತೆ ನಿತ್ಯದ ತಾಲೀಮು ತಪ್ಪುತ್ತಿರಲಿಲ್ಲ. ಗ್ವೆನ್ ವರ್ಡನ್, ಕ್ಯಾರಲ್ ಹೇನಿ, ಮ್ಯಾಟ್ ಮ್ಯಾಟಕ್ಸ್ ಈ ಗರಡಿಯಲ್ಲಿ ಪಳಗಿದವರು. ಕೋಲ್ ಸುಲಭದ ಗುರುವಾಗಿರಲಿಲ್ಲ. ಆತನ ಕಠೋರ ಮಾತು, ಸಿಟ್ಟು, ಮೊಣಕಾಲು ತರಚಿಹೋಗುವಷ್ಟು ಅಭ್ಯಾಸ ಇವನ್ನೆಲ್ಲ ಶಿಷ್ಯರು ಕೊನೆಯವರೆಗೂ ನೆನೆಯುತ್ತಿದ್ದರು.

1946ರ 'ಗಿಲ್ಡಾ' ಚಿತ್ರದಲ್ಲಿ ರೀಟಾ ಹೇವರ್ತ್ ಕೈಗವಸೊಂದನ್ನು ನಿಧಾನವಾಗಿ ಕಳಚುವ ಪ್ರಸಿದ್ಧ ದೃಶ್ಯ ಕೋಲ್ ಸಂಯೋಜನೆಯೇ. ನೃತ್ಯಗಾತಿಯಲ್ಲದ ಮನ್ರೋಗೆ ಆಕೆಯ ದೇಹಕ್ಕೆ ಒಗ್ಗುವ ಸಣ್ಣ ಸಣ್ಣ ಚಲನೆಗಳನ್ನು ಹೊಲಿದುಕೊಟ್ಟ ದರ್ಜಿಯೂ ಆತನೇ. ಬ್ರಾಡ್‌ವೇ ರಂಗಭೂಮಿಯಲ್ಲಿ 1953ರ 'ಕಿಸ್ಮೆಟ್', 1957ರ 'ಜಮೈಕಾ', 1965ರ 'ಮ್ಯಾನ್ ಆಫ್ ಲಾ ಮಂಚಾ' ಆತನ ನೃತ್ಯ ಸಂಯೋಜನೆಗೆ ಹೆಸರಾದವು. 'ಜಮೈಕಾ'ದಲ್ಲಿ ಕುಣಿದ ಕಪ್ಪು ಯುವಕ ಆಲ್ವಿನ್ ಏಲಿ ಮರುವರ್ಷವೇ ತನ್ನ ಹೆಸರಿನ ತಂಡ ಸ್ಥಾಪಿಸಿ ವಿಶ್ವಖ್ಯಾತನಾದ.

ಸಂದಾಯವಾಗದ ಸಾಲ

ಪ್ರಶಸ್ತಿಯ ಬೆಳಕು ಮಾತ್ರ ಕೋಲ್ ಮೇಲೆ ಬಿದ್ದದ್ದು ಕಡಿಮೆ. ನೃತ್ಯ ನಿರ್ದೇಶನಕ್ಕೆ ಆಸ್ಕರ್ ಇದ್ದದ್ದು ಮೂವತ್ತರ ದಶಕದ ಮೂರು ವರ್ಷ ಮಾತ್ರ. ಆತ ಹಾಲಿವುಡ್‌ಗೆ ಬರುವಷ್ಟರಲ್ಲಿ ಆ ವಿಭಾಗವೇ ಇಲ್ಲವಾಗಿತ್ತು. ಕೋಲ್ ಹಾಕಿದ ದಾರಿಯಲ್ಲಿ ನಡೆದ ಬಾಬ್ ಫಾಸಿ ಮನೆಮಾತಾದ. ಕೋಲ್‌ನ ಅಚ್ಚುಮೆಚ್ಚಿನ ಶಿಷ್ಯೆ ವರ್ಡನ್ ಫಾಸಿಯ ಪತ್ನಿಯಾಗಿ ಆ ಶೈಲಿಯನ್ನು ಅಲ್ಲಿಗೂ ಕೊಂಡೊಯ್ದಳು. ಮ್ಯಾಟಕ್ಸ್ ಅದನ್ನು ಲಂಡನ್ ಮತ್ತು ಪ್ಯಾರಿಸ್‌ಗೆ ತಲುಪಿಸಿದ. ಕೊನೆಯ ವರ್ಷಗಳಲ್ಲಿ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಕೋಲ್ 1974ರ ಫೆಬ್ರುವರಿ 17ರಂದು ಕ್ಯಾನ್ಸರ್‌ನಿಂದ ಕೊನೆಯುಸಿರೆಳೆದ. ಆಗ ಆತನಿಗೆ 62 ವರ್ಷ. ಹತ್ತು ವರ್ಷಗಳ ಅನಂತರ ಗ್ಲೆನ್ ಲೋನಿ ಬರೆದ ಜೀವನಚರಿತ್ರೆಯ ಶೀರ್ಷಿಕೆಯೇ ಆತನನ್ನು ಯಾರೂ ಹಾಡಿ ಹೊಗಳದ ಪ್ರತಿಭೆಯೆಂದು ಸಾರಿತು. 2016ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಆತನ ಚಿತ್ರಗಳ ಉತ್ಸವ ಏರ್ಪಡಿಸಿತು.

ಹೀಗೆ ಮರೆವಿಗೆ ಸಂದ ಕೋಲ್ ಬಗ್ಗೆ ಮರುಗುವಾಗ ಇನ್ನೊಂದು ಲೆಕ್ಕವನ್ನೂ ನೋಡಬೇಕಾಗುತ್ತದೆ. ಆತ ಯಾರಿಂದ ಪಡೆದನೋ ಅವರು ಆತನಿಗಿಂತಲೂ ಹೆಚ್ಚು ಮರೆಯಾದವರು. ಹಾರ್ಲೆಮ್‌ನ ನೆಲದಲ್ಲಿ ಲಿಂಡಿ ಹಾಪ್ ಕಟ್ಟಿದ ಕಪ್ಪು ನರ್ತಕರಿಗೆ ಅಂದಿನ ಹಾಲಿವುಡ್ ಚಿತ್ರಗಳಲ್ಲಿ ಸಿಗುತ್ತಿದ್ದದ್ದು ಹೆಚ್ಚೆಂದರೆ ಕೆಲವು ನಿಮಿಷಗಳ ಅವಕಾಶ, ಅದೂ ಹಲವು ವೇಳೆ ಆಳುಕಾಳುಗಳ ವೇಷದಲ್ಲಿ. ಅಡವುಗಳನ್ನು ಕಾಪಾಡಿದ ದೇವದಾಸಿಯರಿಗೆ ಸ್ವದೇಶದಲ್ಲಿಯೇ ವೇದಿಕೆ ತಪ್ಪಿಹೋಗಿತ್ತು. ಕೋಲ್ ಪ್ರಾಮಾಣಿಕನಾಗಿ ಕಲಿತ, ನಿಷ್ಠೆಯಿಂದ ಕಲಿಸಿದ. ಆದರೆ ಹಣ, ಹೆಸರು ಹರಿದ ದಾರಿಯನ್ನು ಬದಲಿಸುವುದು ಆತನೊಬ್ಬನಿಂದ ಆಗುವ ಕೆಲಸವಾಗಿರಲಿಲ್ಲ.

ಇಂದು ಬೆಂಗಳೂರಿನ ನೃತ್ಯ ತರಗತಿಗಳಲ್ಲಿಯೂ ಮಕ್ಕಳು ಜಾಝ್ ಕಲಿಯುತ್ತಾರೆ. ಮೊಣಕಾಲು ಬಾಗಿಸಿ, ಕತ್ತನ್ನಷ್ಟೇ ಆಚೀಚೆ ಸರಿಸುವ ಆ ಪಾಠದಲ್ಲಿ ಸೌತ್ ಕೆರೊಲಿನಾದ ಗುಲಾಮರ ತಾಳವೂ ಇದೆ, ತಂಜಾವೂರಿನ ಅಡವೂ ಇದೆ, ಅವೆರಡನ್ನೂ ಬೆಸೆದ ಜಾಕ್ ಕೋಲ್‌ನ ಬೆವರೂ ಇದೆ.